ಸಂದಿನ ತಕರಾರು

(ಒಬ್ಬರು ಮಲೆನಾಡಿನ ಅಡಿಕೆ ಬೆಳೆಗಾರರು, ಅರವತ್ತು ದಾಟಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ವಸಡಿನ ಚಿಕಿತ್ಸೆಯಲ್ಲಿ ಎಂ.ಡಿ.ಎಸ್. ಮಾಡಿ ಬೆಂಗಳೂರಲ್ಲಿ ಪ್ರಾಕ್ಟೀಸ್ ಮಾಡುವವಳು. ಮಧ್ಯಾಹ್ನದ ಊಟ ಮುಗಿದು ಕವಳದ ಹರಿವಾಣ ಜಗಲಿಗೆ ಬಂದ ಹೊತ್ತು.)

— ನೀನು ಬಂದಿದ್ದು ಒಳ್ಳೇದಾಯ್ತು ಮಾರಾಯ್ತಿ. ನಿಮ್ಮ ಕಸುಬಿನವರ ಮೇಲೆ ನಂದೊಂದು ತಕರಾರಿದೆ. ಹೋದ ತಿಂಗಳು ಪೇಟೆಗೆ ಹೋಗಿ ಹಲ್ಲು ಕ್ಲೀನ್ ಮಾಡಿಸ್ದೆ. ಹೋಗುವಾಗ ಹಲ್ಲು ಒಂದಕ್ಕೊಂದು ಒತ್ತಿ ಕೂತಿತ್ತು. ಈಗ ಕನ್ನಡಿ ನೋಡಿದ್ರೆ ಕೆಳಗಿನ ಸಾಲಲ್ಲಿ ಎರಡೆರಡು ಹಲ್ಲಿನ ನಡುವೆ, ವಸಡಿನ ಹತ್ರ, ಒಂದೊಂದು ಕಪ್ಪು ತ್ರಿಕೋನ. ಬಾಯಿ ಮುಕ್ಕಳಿಸಿದ್ರೆ ನೀರು ಸಂದಿಯಿಂದ ಪಿಚಕ್ಕಂತ ಹೊರಗೆ ಬರ್ತದೆ. ಮಿಷನ್ ಹಾಕಿ ಕೊರೆದುಬಿಟ್ಟಿದಾನೆ ಪುಣ್ಯಾತ್ಮ.

— ಕೊರೆದಿದ್ದಲ್ಲ ಚಿಕ್ಕಪ್ಪ. ಇದು ನಮ್ಮ ಕ್ಲಿನಿಕ್ಕಲ್ಲಿ ದಿನಬೆಳಗಾದ್ರೆ ಕೇಳೋ ಮಾತು. ಆ ಮಿಷನ್ನಿನ ತುದಿ ಡ್ರಿಲ್ ಥರ ತಿರುಗೋದೇ ಇಲ್ಲ. ಸೆಕೆಂಡಿಗೆ 25ರಿಂದ 40 ಸಾವಿರ ಸಲ ನಡುಗತ್ತೆ, ಜೊತೆಗೆ ನೀರು ಚಿಮ್ಮತ್ತೆ. ಆ ನಡುಕಕ್ಕೆ ಹಲ್ಲಿಗೆ ಅಂಟಿರೋ ಗಾರೆ ಬಿರುಕು ಬಿಟ್ಟು ಉದುರತ್ತೆ. ಹಲ್ಲಿನ ಮೇಲಿನ ಎನಾಮಲ್ಲು ನಮ್ಮ ಮೈಯಲ್ಲಿರೋದ್ರಲ್ಲೇ ಅತಿ ಗಟ್ಟಿ ವಸ್ತು. ಅರ್ಧ ಗಂಟೇಲಿ ಅಷ್ಟೂ ಸಂದಿನಲ್ಲಿ ತ್ರಿಕೋನ ಕೆತ್ತೋದು ಆ ತುದಿಯಿಂದ ಆಗೋ ಕೆಲಸ ಅಲ್ಲ.

— ಹಾಗಾದ್ರೆ ಈ ತೂತು ಎಲ್ಲಿಂದ ಬಂತು?

— ಮೊದಲೇ ಇತ್ತು. ತುಂಬಿಕೊಂಡಿದ್ದರಿಂದ ನಿಮಗೆ ಕಾಣ್ತಿರಲಿಲ್ಲ. ಇಲ್ಲಿ ಬೆಳಕಿಗೆ ಬನ್ನಿ, ಬಾಯಿ ತೆರೀರಿ. ಕೆಳಗಿನ ಬಾಚಿಹಲ್ಲಿನ ಹಿಂಭಾಗ, ನಾಲಿಗೆ ತಾಗುತ್ತಲ್ಲ ಆ ಕಡೆ ಬೆರಳಾಡಿಸಿ. ಮುಂಚೆ ಅಲ್ಲೊಂದು ಒರಟು ದಿಂಡು ಇರಲಿಲ್ವಾ?

— ಇತ್ತು. ಅದು ಹಲ್ಲೇ ಅಂದ್ಕೊಂಡಿದ್ದೆ.

— ಅದೇ ಗಾರೆ. ನಾಲಿಗೆ ಕೆಳಗಿನ ಜೊಲ್ಲುಗ್ರಂಥಿಗಳ ನಾಳ ಬಾಯಿ ಬಿಡೋದು ಸರಿಯಾಗಿ ಆ ಹಲ್ಲುಗಳ ಹಿಂದೆ. ಜೊಲ್ಲಿನಲ್ಲಿ ಸುಣ್ಣದಂಶ ಇರತ್ತೆ. ಹಲ್ಲಿನ ಮೇಲಿನ ಮೆತ್ತನೆ ಪಾಚಿಯನ್ನ ಎರಡು ಮೂರು ದಿನ ಉಜ್ಜದೆ ಬಿಟ್ರೆ ಆ ಸುಣ್ಣ ಕೂತು ಗಟ್ಟಿಯಾಗೋಕೆ ಶುರು. ಆಮೇಲೆ ಯಾವ ಬ್ರಷ್ಷಿಗೂ ಬಗ್ಗಲ್ಲ. ನಿಮ್ಮ ಬಾಯಲ್ಲಿ ಅದು ಹಿಂದಿನಿಂದ ಬೆಳೆದು ಸಂದಿಗೆ ಇಳಿದು ಮುಂದಕ್ಕೆ ಇಣುಕ್ತಿತ್ತು. ಅದರ ಮೇಲೆ ಕೂತ ಪಾಚಿಗೆ ವಸಡು ಕೆಂಪಗೆ ಊದಿ ಇನ್ನಷ್ಟು ಜಾಗ ತುಂಬಿತ್ತು. ಡಾಕ್ಟರು ಗಾರೆ ತೆಗೆದರು. ಊತ ಇಳಿದು ವಸಡು ಒಂದೆರಡು ಮಿಲಿಮೀಟರ್ ಕೆಳಗೆ ಹೋಯ್ತು. ಎರಡೂ ಸೇರಿ ಕಂಡಿದ್ದೇ ಈ ತ್ರಿಕೋನ. ಅವರು ಮಾಡಿದ ಕೆಲಸ ಸರಿ. ಮಾಡೋ ಮೊದಲು ಕನ್ನಡಿ ಕೊಟ್ಟು, "ನೋಡಿ, ಇದು ಹೋದ ಮೇಲೆ ಇಲ್ಲಿ ಸಂದು ಕಾಣತ್ತೆ" ಅಂತ ಹೇಳದೇ ಇದ್ದದ್ದು ತಪ್ಪು. ಅದೊಂದು ಮಾತು ಹೇಳದೇ ನಮ್ಮವರು ಎಷ್ಟು ಜನರ ಬಾಯಿಂದ ಬೈಸ್ಕೊಂಡಿದ್ದಾರೋ. ಹಲ್ಲು ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗತ್ತೆ ಅಂತ ಊರೂರಲ್ಲಿ ನಂಬಿಕೆ ಬೇರೂರಿದ್ದೂ ಹೀಗೇ.

— ನಂಬಿಕೆ ಅಂತ ತಳ್ಳಿಹಾಕಬೇಡ. ನಂದು ಕೆಳಗಿನ ಎರಡು ಹಲ್ಲು ನಿಜವಾಗಿ ಸಡಿಲ ಆಗಿದೆ. ಗಾರೆ ಇದ್ದಾಗ ಅಲ್ಲಾಡ್ತಿರಲಿಲ್ಲ.

— ಅದು ಒಪ್ಪೋ ಮಾತು. ನಾಲ್ಕು ಹಲ್ಲಿಗೂ ಸೇರಿ ಒಂದೇ ಗಾರೆಯ ದಿಂಡು ಕಟ್ಟಿದ್ರೆ ಅವು ಒಟ್ಟಿಗೆ ನಿಂತಿರ್ತವೆ. ತೆಗೆದ ತಕ್ಷಣ ಒಂದೊಂದೂ ತನ್ನ ಸ್ವಂತ ಮೂಳೆಯ ಮೇಲೆ ನಿಲ್ಲಬೇಕು. ಮೂಳೆ ಅಲ್ಲಿ ಅರ್ಧಕ್ಕರ್ಧ ಕರಗಿದ್ರೆ ಅಲ್ಲಾಡ್ದೇ ಇನ್ನೇನು ಮಾಡತ್ತೆ? ಅಂಥ ಹಲ್ಲಿಗೆ ಹಿಂದುಗಡೆಯಿಂದ ಸಣ್ಣ ತಂತಿ ಇಟ್ಟು ಬಿಳಿ ಸಿಮೆಂಟಲ್ಲಿ ಕಟ್ಟೋ ಉಪಾಯ ನಮ್ಮ ಹತ್ರ ಇದೆ. ಗಾರೆ ಮಾತ್ರ ಕಟ್ಟುತ್ತಾ ಕಟ್ಟುತ್ತಾ ಬುಡದ ಮೂಳೆ ತಿಂತಾ ಇತ್ತು.

— ಮೂಳೆ ತಿನ್ನೋದು ಅಂದ್ರೆ? ಗಾರೆಗೇನು ಹಲ್ಲಿದ್ಯಾ?

— ಸರಿ, ನನ್ನ ಮಾತು ಸ್ವಲ್ಪ ಅತಿಯಾಯ್ತು. ತಿನ್ನೋದು ಗಾರೆ ಅಲ್ಲ. ಗಾರೆಯ ಒರಟು ಮೈ ಮೇಲೆ ದಿನಾ ಹೊಸ ಪಾಚಿ ಕೂರತ್ತೆ, ಅದರ ತುಂಬ ಬ್ಯಾಕ್ಟೀರಿಯಾ. ಅವುಗಳ ಜೊತೆ ನಮ್ಮ ಮೈಯೇ ಕಾದಾಡತ್ತೆ, ಆ ಕಾದಾಟದಲ್ಲಿ ಹಲ್ಲು ಹಿಡಿದಿಟ್ಟ ನಾರು, ಮೂಳೆ ಕರಗ್ತಾ ಹೋಗತ್ತೆ. ನೋವೇ ಇರಲ್ಲ. ಬ್ರಷ್ ಮಾಡುವಾಗ ಒಂಚೂರು ರಕ್ತ, ಅಷ್ಟೇ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಅನ್ನೋ ಪ್ರೊಫೆಸರು 12 ಜನ ಆರೋಗ್ಯವಂತರಿಗೆ ಹಲ್ಲುಜ್ಜೋದು ನಿಲ್ಲಿಸಿ ಅಂದರು. ಹೆಚ್ಚಿನವರು ದಂತವೈದ್ಯ ಕಾಲೇಜಿನ ಹುಡುಗರೇ. ಎರಡು ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ಕೆಲವೇ ದಿನದಲ್ಲಿ ಎಲ್ಲರಿಗೂ ವಾಸಿ. ಅಂದ್ರೆ ಊತದ ಹಂತದವರೆಗೆ ವಾಪಸ್ ಬರೋಕೆ ದಾರಿ ಇದೆ. ಮೂಳೆಗೆ ಇಳಿದ ಮೇಲೆ ಆದ ನಷ್ಟ ತುಂಬೋದು ಕಷ್ಟ.

— ನಿನ್ನ ಅಜ್ಜ ಜನ್ಮದಲ್ಲಿ ಬ್ರಷ್ ಹಿಡಿದವರಲ್ಲ. ಬೇವಿನ ಕಡ್ಡಿ, ಇಲ್ಲಾ ಒಂದಿಷ್ಟು ಇದ್ದಿಲು ಪುಡಿ. ಎಂಬತ್ತಕ್ಕೂ ಕೋಡುಬಳೆ ಕಡೀತಿದ್ರು. ಅದಕ್ಕೇನು ಹೇಳ್ತೀಯ?

— ಅದೃಷ್ಟವಂತರು ಅಂತೀನಿ. ತಮಾಷೆಗಲ್ಲ. ಅದೇ ಲೋ ಅವರ ತಂಡ 1970ರಿಂದ ಹದಿನೈದು ವರ್ಷ ಶ್ರೀಲಂಕಾದ ಚಹಾ ತೋಟದ ಕೂಲಿಗಳನ್ನ ಗಮನಿಸ್ತಾ ಬಂತು, 480 ಗಂಡಸರು. ಬ್ರಷ್ ಇಲ್ಲ, ದಂತವೈದ್ಯರಿಲ್ಲ. ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಪಾಚಿ, ಗಾರೆ ಯಥೇಚ್ಛ. ಆದರೂ ಸುಮಾರು 11 ಪರ್ಸೆಂಟ್ ಜನರಿಗೆ ಊತದಿಂದ ಮುಂದಕ್ಕೆ ಕಾಯಿಲೆ ಹೋಗಲೇ ಇಲ್ಲ. 8 ಪರ್ಸೆಂಟ್ ಜನ ಬೇಗ ಬೇಗ ಹಲ್ಲು ಕಳಕೊಂಡರು. ಉಳಿದ 81 ನಡುವೆ, ನಿಧಾನವಾಗಿ. ಅಜ್ಜ ಆ ಹನ್ನೊಂದರಲ್ಲಿ ಇದ್ದಿರಬಹುದು. ನೀವಿಲ್ಲ, ಅದು ಬಾಯಿ ತೆರೆದ ಕೂಡಲೇ ಗೊತ್ತಾಯ್ತು.

— ಅಪ್ಪನ ಹೊಲ ಬಂತು, ಹಲ್ಲು ಬರಲಿಲ್ಲ.

— ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತಾ?

— ಇರಲಿಲ್ಲ.

— ನಿಮಗಿದೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ರೆ ವಸಡಿನ ಕಾಯಿಲೆ ಜೋರಾಗತ್ತೆ, ವಸಡು ಕೆಟ್ಟಿದ್ರೆ ಸಕ್ಕರೆ ಹತೋಟಿಗೆ ಬರಲ್ಲ, ಎರಡೂ ಒಂದನ್ನೊಂದು ಎಳೀತವೆ. ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟವರಲ್ಲಿ ಮೂರ್ನಾಲ್ಕು ತಿಂಗಳಿಗೆ ಆ ಎಚ್‌ಬಿಎ1ಸಿ ಅಂತ ಬರೆಸ್ತಾರಲ್ಲ, ಮೂರು ತಿಂಗಳ ಸರಾಸರಿ, ಅದು 0.43ರಷ್ಟು ಇಳಿದದ್ದು ಕಂಡಿದೆ. 2022ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆಯವರು ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದ ಲೆಕ್ಕ. ನಿಮ್ಮ ಸಕ್ಕರೆ ಡಾಕ್ಟರು ಒಮ್ಮೆಯಾದ್ರೂ ಬಾಯಿ ತೆರೆಸಿದ್ದಾರಾ?

— ಕಾಲು ನೋಡ್ತಾರೆ, ಕಣ್ಣು ನೋಡಿಸು ಅಂತಾರೆ. ಬಾಯಿ ಸುದ್ದಿ ಇಲ್ಲ.

— ಹಾಗೇ ಆಗೋದು. ಆ ಹರಿವಾಣ ಸ್ವಲ್ಪ ದೂರ ಇಡಿ, ಅದರ ಮಾತು ಆಮೇಲೆ ಇದೆ. ಊಟ ಆದ ಮೇಲೆ ಸಂದಿಗೆ ಏನು ಹಾಕ್ತೀರಿ?

— ಪೊರಕೆ ಕಡ್ಡಿ. ಹಲಸಿನ ಹಣ್ಣಿನ ನಾರು ಸಿಕ್ಕಿಕೊಂಡ್ರೆ ಮತ್ತೇನು ಮಾಡಲಿ? ಸಿಗದಿದ್ರೆ ಗುಂಡುಪಿನ್ನು.

— ಗುಂಡುಪಿನ್ನು! ಅದರಲ್ಲಿ ಚುಚ್ಚಿ ಚುಚ್ಚಿ, ಇದ್ದ ಮೊನೆಯನ್ನೂ ಚಪ್ಪಟೆ ಮಾಡಿದ್ದೀರಿ. ಎರಡು ಹಲ್ಲಿನ ನಡುವೆ ವಸಡು ಮೊನಚಾಗಿ ಎದ್ದಿರತ್ತೆ ನೋಡಿ, ನಾವದಕ್ಕೆ ಪ್ಯಾಪಿಲ್ಲಾ ಅಂತೀವಿ. ನಿಮ್ಮ ತ್ರಿಕೋನ ಅದರ ಜಾಗವೇ. ಸಂದು ಬಿತ್ತು ಅಂತ ಊಟ ಸಿಗತ್ತೆ, ಊಟ ಸಿಕ್ತು ಅಂತ ಕಡ್ಡಿ ಹಾಕ್ತೀರಿ, ಕಡ್ಡಿ ಹಾಕಿದ್ದಕ್ಕೆ ಸಂದು ದೊಡ್ಡದಾಗತ್ತೆ.

— ಇರಲಿ. ನನಗೆ ವಯಸ್ಸಾಯ್ತು, ಕವಳ ಹಾಕಿದೆ, ಪಿನ್ನು ಚುಚ್ಚಿದೆ, ಸಕ್ಕರೆ ಬೇರೆ ಬಂತು. ನನ್ನ ಮಗಳು, ನಿನ್ನ ತಂಗಿ, ಏನು ತಪ್ಪು ಮಾಡಿದ್ಲು? ಇಪ್ಪತ್ತಾರು ವರ್ಷ. ಹೊತ್ತಿಗೆ ಸರಿಯಾಗಿ ಎರಡು ಸಲ ಹಲ್ಲುಜ್ಜೋಳು. ಕ್ಲಿಪ್ ಹಾಕಿಸಿ ಹಲ್ಲು ಸಾಲಾಗಿ ಬಂತು ಅನ್ನೋಷ್ಟರಲ್ಲಿ ಮೇಲಿನ ಎರಡು ಹಲ್ಲಿನ ನಡುವೆ ಅವಳಿಗೂ ಅದೇ ಕಪ್ಪು ತ್ರಿಕೋನ. ಮದುವೆ ಫೋಟೋಕ್ಕೆ ಬಾಯಿ ಮುಚ್ಚಿ ನಗ್ತಾಳಂತೆ.

— ಅವಳದ್ದು ಬೇರೆ ಕಥೆ ಚಿಕ್ಕಪ್ಪ. ವಸಡೂ ಸರಿ ಇದೆ, ಮೂಳೆಯೂ ಸರಿ ಇದೆ. ಹಲ್ಲಿನ ಆಕಾರವೇ ಹಾಗೆ: ತುದಿಯಲ್ಲಿ ಅಗಲ, ಬುಡಕ್ಕೆ ಬರ್ತಾ ಸಪೂರ. ಅಂಥ ಎರಡು ಹಲ್ಲು ಪಕ್ಕ ಪಕ್ಕ ನಿಂತ್ರೆ ತುದಿಯಲ್ಲಿ ಮಾತ್ರ ತಾಗ್ತವೆ, ಬುಡದಲ್ಲಿ ಜಾಗ ಉಳಿಯತ್ತೆ. ಮೊದಲು ಅವಳ ಹಲ್ಲು ಒಂದರ ಮೇಲೊಂದು ಹತ್ತಿ ಕೂತಿತ್ತಲ್ಲ, ಆಗ ಆ ಜಾಗ ಮುಚ್ಚಿಹೋಗಿತ್ತು. ಸಾಲಾಗಿ ನಿಲ್ಲಿಸಿದ ಮೇಲೆ ತೆರೆದುಕೊಳ್ತು. ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸಿಕೊಂಡವರಲ್ಲಿ ಇದು ಅಪರೂಪ ಅಲ್ಲ, ಮೂರಕ್ಕೊಬ್ಬರಿಗಾದ್ರೂ ಅಂತಿಟ್ಕೊಳ್ಳಿ. ಬೇರುಗಳು ಒಂದಕ್ಕೊಂದು ದೂರ ವಾಲಿದ್ರೂ ಹೀಗೇ ಆಗತ್ತೆ. ಅವಳ ಎಕ್ಸ್‌ರೇ ಕಳಿಸೋಕೆ ಹೇಳಿ, ಬೇರು ಹೇಗೆ ನಿಂತಿವೆ ನೋಡಬೇಕು.

— ಅಂದ್ರೆ ಎಷ್ಟು ಜಾಗ ಇದ್ರೆ ವಸಡು ತುಂಬ್ತದೆ, ಎಷ್ಟಿದ್ರೆ ತುಂಬಲ್ಲ ಅಂತ ಲೆಕ್ಕ ಇದ್ಯಾ?

— ಇದೆ, ಆಶ್ಚರ್ಯ ಆಗೋಷ್ಟು ಸರಳ ಲೆಕ್ಕ. 1992ರಲ್ಲಿ ಅಮೆರಿಕದ ಡೆನ್ನಿಸ್ ಟಾರ್ನೋ ಮತ್ತವರ ಜೊತೆಗಾರರು 30 ಜನರ ಬಾಯಲ್ಲಿ 288 ಸಂದುಗಳನ್ನ ಅಳೆದರು. ಹಲ್ಲಿಗೆ ಹಲ್ಲು ತಾಗೋ ಜಾಗದಿಂದ ಕೆಳಗೆ ಮೂಳೆಯ ಅಂಚಿನವರೆಗೆ ಎಷ್ಟು ದೂರ ಅಂತ. 5 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇದ್ದ ಕಡೆ ಹೆಚ್ಚುಕಡಿಮೆ ಎಲ್ಲ ಸಂದೂ ವಸಡಿಂದ ತುಂಬಿತ್ತು. 6 ಆದಾಗ 56 ಪರ್ಸೆಂಟ್. 7 ಆದಾಗ 27. ಒಂದೇ ಒಂದು ಮಿಲಿಮೀಟರ್ ಮೂಳೆ ಇಳಿದಿದ್ದಕ್ಕೆ ಅರ್ಧದಷ್ಟು ಸಂದು ಬಾಯಿಬಿಟ್ಟಿತು. ಚಿಕಿತ್ಸೆಯೆಲ್ಲ ಈ ಲೆಕ್ಕದ ಸುತ್ತಲೇ. ನಿಮ್ಮ ಬಾಯಲ್ಲಿ ಮೂಳೆ ಕೆಳಗೆ ಹೋಗಿದೆ, ತಂಗಿಗೆ ಹಲ್ಲು ತಾಗೋ ಜಾಗ ತೀರಾ ತುದಿಯಲ್ಲಿದೆ. ಎರಡರಲ್ಲೂ ದೂರ ಜಾಸ್ತಿ ಆಗಿದೆ, ಕಾರಣ ಬೇರೆ.

— ಮಳೆಗಾಲ ಕಳೆದ ಮೇಲೆ ಅಡಿಕೆ ಮರದ ಬುಡದ ಮಣ್ಣು ತೊಳೆದು ಬೇರು ಕಂಡ್ರೆ ನಾವು ಹೊಸ ಮಣ್ಣು ಏರಿಸ್ತೀವಿ. ಹಾಗೆ ವಸಡು ಏರಿಸಕ್ಕಾಗಲ್ವಾ? ಬೇರೆ ಕಡೆಯಿಂದ ತಂದು ಹಾಕು.

— ಇದು ನಮ್ಮವರೂ ಕೇಳ್ಕೊಂಡ ಪ್ರಶ್ನೆಯೇ. ಒಂದೇ ಹಲ್ಲಿನ ಮುಂಭಾಗದಲ್ಲಿ ವಸಡು ಇಳಿದಿದ್ರೆ ಅಂಗುಳದಿಂದ ಚೂರು ತೆಗೆದು ಅಲ್ಲಿ ಕೂರಿಸ್ತೀವಿ, ಚೆನ್ನಾಗಿ ಹಿಡಿಯತ್ತೆ. ಎರಡು ಹಲ್ಲಿನ ನಡುವಿನ ಮೊನೆ ವಿಷಯದಲ್ಲಿ ಮಾತ್ರ ಕೈ ಸೋಲತ್ತೆ. ನಿಮ್ಮ ಮರದ ಸುತ್ತ ಭೂಮಿ ಇದೆ, ಏರಿಸಿದ ಮಣ್ಣು ಅದರ ಮೇಲೆ ಕೂರತ್ತೆ. ಇಲ್ಲಿ ಆಚೀಚೆ ರಕ್ತ ಇಲ್ಲದ ಹಲ್ಲು, ಮೇಲೆ ಗಾಳಿ. ಹೊಸ ತುಂಡಿಗೆ ರಕ್ತ ಬರಬೇಕಾದ್ದು ಬುಡದ ಒಂದು ಸಪೂರ ಎಳೆಯಿಂದ. ಎಷ್ಟೋ ಥರದ ಆಪರೇಷನ್ ಬರೆದಿಟ್ಟಿದ್ದಾರೆ, ಕೆಲವರಿಗೆ ಚೆನ್ನಾಗೂ ಬಂದಿದೆ. ಆದ್ರೆ ನಿಮಗೆ ಬಂದೇ ಬರತ್ತೆ ಅಂತ ಮಾತು ಕೊಡೋ ಧೈರ್ಯ ನನಗಿಲ್ಲ. ಹೃದಯ ಬದಲಿಸೋ ಕಾಲದಲ್ಲಿ ಅಕ್ಕಿಕಾಳಿನಷ್ಟು ವಸಡು ನಂಬಿಕೆಯಿಂದ ಬೆಳೆಸಕ್ಕಾಗಲ್ಲ ಅಂದ್ರೆ ನನಗೇ ನಾಚಿಕೆ ಆಗತ್ತೆ.

— ಮೊಬೈಲಲ್ಲಿ ಒಂದು ಜಾಹೀರಾತು ಬಂದಿತ್ತು. ಎಂಥದೋ ಇಂಜೆಕ್ಷನ್, ವಸಡು ಚಿಗುರ್ತದಂತೆ.

— ಹಯಲುರಾನಿಕ್ ಆಸಿಡ್ ಜೆಲ್. ಮುಖದ ಸುಕ್ಕಿಗೆ, ತುಟಿಗೆ ಹಾಕ್ತಾರಲ್ಲ, ಅದೇ ವಸ್ತು. ವಸಡಿನ ಮೊನೆಗೆ ಚೂರೇ ಚೂರು ಚುಚ್ತಾರೆ, ವಾರಗಳ ಅಂತರದಲ್ಲಿ ಎರಡು ಮೂರು ಸಲ. ಸಣ್ಣ ಸಂದಿದ್ರೆ ಸ್ವಲ್ಪ ಉಬ್ಬಿ ಮುಚ್ಚಿದ ಉದಾಹರಣೆಗಳಿವೆ. ಏನೂ ಆಗದ ಉದಾಹರಣೆಗಳೂ ಇವೆ. ಜೆಲ್ಲನ್ನ ಮೈ ನಿಧಾನವಾಗಿ ಹೀರಿಕೊಳ್ಳೋದ್ರಿಂದ ಎಷ್ಟು ದಿನ ನಿಲ್ಲತ್ತೆ ಅನ್ನೋದು ಇನ್ನೊಂದು ಪ್ರಶ್ನೆ. ಚಿಗುರತ್ತೆ ಅಂತ ಬರೆಯೋರು ಎಕ್ಸ್‌ರೇಯಲ್ಲಿ ಮೂಳೆ ಎಲ್ಲಿದೆ ಅಂತ ನೋಡಿದ್ದಾರಾ ಅಂತ ಕೇಳಿ. ನಿಮ್ಮ ಹಾಗೆ ಮೂಳೆ ಇಳಿದ ಕಡೆ ಅದನ್ನ ಹಾಕಿಸೋದು ದುಡ್ಡು ಹೊಳೆಗೆ ಹಾಕಿದ ಹಾಗೆ.

— ಮಗಳಿಗೇನು ಮಾಡೋದು ಹೇಳು. ನಂದು ಹಾಗಿರಲಿ.

— ಮೊದಲನೇದು, ಕ್ಲಿಪ್ ಪೂರ್ತಿ ತೆಗೆಸಿದ್ದಾಳಾ?

— ತೆಗೆಸಿ ಹಿಂದುಗಡೆ ತಂತಿ ಅಂಟಿಸಿದಾರೆ.

— ಹಾಗಿದ್ರೆ ಎರಡು ದಾರಿ. ಒಂದು, ಕ್ಲಿಪ್ ಹಾಕಿದ ಡಾಕ್ಟರ ಹತ್ರವೇ ಹೋಗಿ, ಆ ಎರಡು ಹಲ್ಲು ತಾಗೋ ಜಾಗವನ್ನ ಚೂರು ಉಜ್ಜಿಸೋದು. ಸಪೂರ ಮರಳುಕಾಗದದಂಥ ಪಟ್ಟಿ ಇರತ್ತೆ, ಹಲ್ಲಿಗೆ ಕಾಲು ಮಿಲಿಮೀಟರಿನಷ್ಟು ತೆಗೀತಾರೆ, ಅದೂ ಎನಾಮಲ್ಲಿನ ಒಳಗೇ. ಆಮೇಲೆ ಎರಡನ್ನೂ ಹತ್ತಿರ ತಂದ್ರೆ, ತುದಿಯಲ್ಲಿ ತಾಗ್ತಿದ್ದವು ಉದ್ದಕ್ಕೂ ತಾಗ್ತವೆ, ತಾಗೋ ಜಾಗ ವಸಡಿನ ಹತ್ರ ಇಳಿಯತ್ತೆ. ಐದು ಮಿಲಿಮೀಟರಿನ ಒಳಗೆ ಬಂತೋ, ವಸಡು ತಾನೇ ಬಂದು ತುಂಬಿಕೊಳ್ಳೋ ಸಾಧ್ಯತೆ ಹೆಚ್ಚು. ನನಗೆ ಇದೇ ಇಷ್ಟ, ಅವಳದ್ದೇ ಹಲ್ಲು, ಅವಳದ್ದೇ ವಸಡು. ತಿಂಗಳುಗಟ್ಟಲೆ ಹಿಡಿಯತ್ತೆ ಅನ್ನೋದೇ ತೊಂದರೆ.

— ಮದುವೆ ವೈಶಾಖದಲ್ಲಿ.

— ಹಾಗಾದ್ರೆ ಎರಡನೇದು. ಹಲ್ಲಿನ ಬಣ್ಣದ ಕಾಂಪೋಸಿಟ್. ತ್ರಿಕೋನದ ಎರಡೂ ಬದಿಗೆ, ವಸಡಿನ ಅಂಚಿನಿಂದಲೇ ಶುರು ಮಾಡಿ, ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಇಟ್ಟು ತುಂಬಿ ನೀಲಿ ಬೆಳಕಲ್ಲಿ ಗಟ್ಟಿ ಮಾಡ್ತಾರೆ. ಹಲ್ಲು ಕೊರೆಯೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡು ಹಲ್ಲಾದ್ರೆ ಒಂದೇ ಸಲ ಕೂತು ಮುಗಿಯತ್ತೆ. ಕಾಫಿ, ಚಹಾ ಕುಡಿದು ಕೆಲವು ವರ್ಷಕ್ಕೆ ಬಣ್ಣ ಕಳಕೊಳ್ಳಬಹುದು, ಅಂಚು ಚೂರು ಹಾರಬಹುದು, ಮತ್ತೆ ಪಾಲಿಶ್ ಮಾಡಿಸ್ಬಹುದು. ಒಂದು ಎಚ್ಚರ ಮಾತ್ರ ಬೇಕು. ವಸಡಿನ ಒಳಗೆ ಹೋಗೋ ಅಂಚು ಗಾಜಿನಷ್ಟು ನುಣುಪಿರಬೇಕು. ದಾರ ಹಾಕಿ ಎಳೆದಾಗ ಸರಕ್ಕಂತ ಬರಬೇಕು, ಸಿಕ್ಕಿಕೊಂಡು ಎಳೆ ಬಿಟ್ಟರೆ ಕೆಲಸ ಸರಿಯಿಲ್ಲ ಅಂತ, ವಾಪಸ್ ಕುರ್ಚಿಗೆ ಕೂತ್ಕೋ ಅನ್ನಿ. ಅಲ್ಲಿ ಪಾಚಿ ಕೂತ್ರೆ ಇಲ್ಲದ ಕಾಯಿಲೆ ತಂದುಕೊಂಡ ಹಾಗೆ. ಮತ್ತೆ, ಯಾರಾದ್ರೂ ಆರು ಹಲ್ಲಿಗೂ ವೆನೀರ್, ಅದೇ ಮುಂದೆ ಅಂಟಿಸೋ ತೆಳು ಹೊದಿಕೆ, ಹಾಕೋಣ ಅಂದ್ರೆ ಬೇಡ ಅಂತ ಎದ್ದು ಬರಲಿ. ಎರಡು ಹಲ್ಲಿನ ನಡುವಿನ ಸಂದಿಗೆ ಆರು ಹಲ್ಲಿನ ಎನಾಮಲ್ ಕೆರೆಸೋದು ಯಾವ ನ್ಯಾಯ? ಕೆರೆದ ಎನಾಮಲ್ ಮತ್ತೆ ಬರಲ್ಲ.

— ಅವಳು ಕನ್ನಡಿ ಮುಂದೆ ನಿಂತ್ರೆ ಅದೊಂದೇ ಕಾಣ್ತದೆ ಅವಳಿಗೆ. ನಿಜ ಹೇಳಬೇಕಂದ್ರೆ ಅವಳು ಹೇಳೋವರೆಗೆ ನನಗೆ ಕಂಡಿರಲಿಲ್ಲ.

— ಕಾಣಲ್ಲ ಯಾರಿಗೂ. 1999ರಲ್ಲಿ ಕೋಕಿಚ್ ಅನ್ನೋರು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಒಂದು ನಗುವಿನ ಫೋಟೋ, ಕಂಪ್ಯೂಟರಲ್ಲಿ ಸಂದು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡ್ತಾ ಹೋಗಿ ಜನರಿಗೆ ತೋರಿಸಿದ್ರು. ಕ್ಲಿಪ್ ಹಾಕೋ ಡಾಕ್ಟರುಗಳಿಗೆ 2 ಮಿಲಿಮೀಟರಿಗೇ ಕಣ್ಣು ಚುಚ್ಚಿತು. ಸಾಮಾನ್ಯ ದಂತವೈದ್ಯರಿಗೂ ಮಾಮೂಲಿ ಜನಕ್ಕೂ 3 ಆಗೋವರೆಗೆ ಏನೂ ಅನ್ನಿಸಲಿಲ್ಲ. ತಂಗಿದು ಒಂದೂವರೆ ಇರಬಹುದು. ಆದ್ರೆ ಅವಳ ಮದುವೆ, ಅವಳ ಫೋಟೋ. ನಾನು ಉಪದೇಶ ಮಾಡೋಕೆ ಹೋಗಲ್ಲ.

— ಸರಿ, ಈಗ ನಂದು. ನನಗೂ ಆ ಕಾಂಪೋಸಿಟ್ಟೇ ತುಂಬಿಸಿಬಿಡು. ಊಟ ಸಿಕ್ಕೋದು ತಪ್ತದೆ.

— ಈಗ ಬೇಡ. ಕಾಯಿಲೆ ಇನ್ನೂ ನಡೀತಾ ಇರೋ ಜಾಗಕ್ಕೆ ಬಾಗಿಲು ಹಾಕಿದ್ರೆ ಒಳಗೆ ಏನಾಗ್ತಿದೆ ಅಂತ ಗೊತ್ತಾಗಲ್ಲ, ಬ್ರಷ್ಷೂ ಹೋಗಲ್ಲ. ನಿಮ್ಮ ಸಂದು ತೆರೆದಿರೋದು ಸದ್ಯಕ್ಕೆ ಒಳ್ಳೇದೇ, ಅಲ್ಲಿಗೆ ಕೈ ಹಾಕೋಕೆ ದಾರಿ ಇದೆ. ಒಂದ್ನಿಮಿಷ, ಬ್ಯಾಗಲ್ಲಿದೆ... ಇದು ನೋಡಿ. ಸಂದಿಗೆ ಅಂತಲೇ ಮಾಡಿದ ಪುಟ್ಟ ಬ್ರಷ್ಷು. ಬಾಟಲಿ ತೊಳೆಯೋ ಬ್ರಷ್ಷಿನ ಮರಿ.

— ಇದರಲ್ಲಿ ಕಡ್ಡಿಗಿಂತ ಹೆಚ್ಚೇನಿದೆ?

— ಕಡ್ಡಿ ಊಟದ ಚೂರನ್ನ ಮಾತ್ರ ತೆಗೀತದೆ. ಬೇರಿನ ಪಕ್ಕದ ಗೋಡೆ ಒಳಕ್ಕೆ ಬಾಗಿದೆ, ಪಾಚಿ ಕೂರೋದು ಆ ಬಾಗಿನಲ್ಲಿ. ಕಡ್ಡಿ ಅಲ್ಲಿಗೆ ತಾಗಲ್ಲ, ದಾರವೂ ಆ ಹಳ್ಳದ ಮೇಲೆ ಹಾದುಹೋಗತ್ತೆ. ಇದರ ಕೂದಲು ಬಗ್ಗಿ ಒಳಗೆ ಹೋಗತ್ತೆ. ಸೈಜ್ ನಾನು ಆರಿಸಿಕೊಡ್ತೀನಿ. ನಿಮಗೆ ಮುಂದೆ ಒಂದು ಸೈಜ್, ದವಡೆ ಕಡೆ ಅದಕ್ಕಿಂತ ದೊಡ್ಡದು ಬೇಕಾಗಬಹುದು. ಬ್ರಷ್ಷಿನ ನಡುವಿನ ತಂತಿ ಹಲ್ಲಿಗೆ ತಾಗಬಾರದು, ಕೂದಲು ಸ್ವಲ್ಪ ಬಿಗಿಯಾಗಿ ಉಜ್ಜಬೇಕು. ನುಗ್ಗಿಸಬೇಡಿ, ಹೋಗದ ಕಡೆ ಬಿಟ್ಟುಬಿಡಿ, ಅಲ್ಲಿಗೆ ದಾರ. ರಾತ್ರಿ ಮಲಗೋ ಮೊದಲು ಒಂದು ಸಲ, ಪೇಸ್ಟ್ ಬೇಡ, ನೀರಲ್ಲಿ ಅದ್ದಿದ್ರೆ ಸಾಕು.

— ಹಾಕ್ದೆ. ರಕ್ತ ಬಂತು ನೋಡು!

— ಬರತ್ತೆ. ರಕ್ತ ಬಂತು ಅಂತ ಬಿಡೋದು ಎಲ್ಲರೂ ಮಾಡೋ ಕೆಲಸ. ರಕ್ತ ಬರೋ ಜಾಗದಲ್ಲೇ ಊತ ಇದೆ. ದಿನಾ ಹಾಕ್ತಾ ಬಂದ್ರೆ ಒಂದೆರಡು ವಾರದಲ್ಲಿ ನಿಲ್ಲಬೇಕು. ನಿಲ್ಲದ ಜಾಗ ಯಾವುದು ಅಂತ ನೆನಪಿಟ್ಕೊಳ್ಳಿ, ಅಲ್ಲಿ ಗಾರೆ ಇನ್ನೂ ವಸಡಿನ ಒಳಗಿದೆ ಅಂತ. ಮೇಲೆ ಕಾಣೋ ಗಾರೆ ಬಿಳಿ, ಹಳದಿ. ಒಳಗಿನದ್ದು ಕರೀ ಹಸಿರು, ರಕ್ತ ಕುಡಿದ ಬಣ್ಣ, ತೆಗೆಯೋದೂ ಕಷ್ಟ. ಪೇಟೆಯವರು ಮೇಲಿನದ್ದನ್ನ ತೆಗೆದಿದ್ದಾರೆ. ಒಳಗಿನದ್ದಕ್ಕೆ ಮರಗಟ್ಟಿಸಿ ಒಂದೊಂದೇ ಬೇರು ಕೆರೆದು ನುಣುಪು ಮಾಡಬೇಕು, ಎರಡು ಸಲ ಬರಬೇಕಾಗತ್ತೆ. ಬೆಂಗಳೂರೇ ಆಗಬೇಕಂತಿಲ್ಲ, ಹತ್ತಿರದ ಯಾವ ಡೆಂಟಲ್ ಕಾಲೇಜಿನ ಪೆರಿಯೋ, ಅಂದ್ರೆ ವಸಡಿನ ವಿಭಾಗದಲ್ಲೂ ಮಾಡ್ತಾರೆ, ಖರ್ಚೂ ಕಡಿಮೆ. ಪಿ.ಜಿ. ಹುಡುಗರು ಅಂತ ಮೂಗು ಮುರೀಬೇಡಿ. ಅವರಿಗೆ ಇರೋಷ್ಟು ಪುರುಸೊತ್ತು ನಮಗಿಲ್ಲ, ಒಂದು ಬೇರಿಗೆ ಅವರು ಕೊಡೋ ಸಮಯದಲ್ಲಿ ನಾವು ಅರ್ಧ ಬಾಯಿ ಮುಗಿಸಿರ್ತೀವಿ.

— ಹೊಗೆಸೊಪ್ಪಿನ ಮಾತು ಇನ್ನೂ ಬರಲಿಲ್ಲವಲ್ಲ ಅಂತ ಕಾಯ್ತಿದ್ದೆ.

— ಬರ್ತಿದೆ. ಬೀಡಿ ಸಿಗರೇಟು ಸೇದೋರ ವಸಡಲ್ಲಿ ರಕ್ತ ಕಡಿಮೆ ಬರತ್ತೆ, ಅದಕ್ಕೇ ಅವರು ನನ್ನ ವಸಡು ಗಟ್ಟಿ ಅಂದ್ಕೊಳ್ತಾರೆ, ಒಳಗೆ ಮೂಳೆ ಹೋಗ್ತಿರತ್ತೆ. ನೀವು ಸೇದಲ್ಲ, ಆದ್ರೆ ಕವಳದ ಜೊತೆ ಹೊಗೆಸೊಪ್ಪು ಯಾವ ಕೆನ್ನೆಯಲ್ಲಿ ಇಡ್ತೀರಿ?

— ಎಡಗಡೆ.

— ಎಡಗಡೆಯೇ ವಸಡು ಜಾಸ್ತಿ ಇಳಿದಿದೆ. ಕೆನ್ನೆಯ ಒಳಮೈಯೂ ಬಿಳಿಚಿದೆ, ಅದನ್ನ ಬೇರೆಯಾಗಿ ನೋಡಿಸಬೇಕು, ನನಗೆ ಸಂದಿಗಿಂತ ಅದರದ್ದೇ ಚಿಂತೆ. ಹೊಗೆಸೊಪ್ಪು ಇಲ್ಲದ ಕವಳವೂ ಕ್ಯಾನ್ಸರ್ ತರತ್ತೆ, ಬರೀ ಅಡಿಕೆಯೂ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ.

— ತೋಟದ ಮನೆಯಲ್ಲಿ ಕೂತು, ಅಡಿಕೆ ದುಡ್ಡಲ್ಲಿ ಓದಿದ ಹುಡುಗಿ ಹೇಳೋ ಮಾತಾ ಇದು?

— ಹೌದು, ಅದೇ ದುಡ್ಡಲ್ಲಿ ಓದಿದ್ದು. ಮಾರಿ, ಬೇಡ ಅನ್ನಲ್ಲ ನಾನು, ಅದು ನನ್ನ ಕೈಲಿಲ್ಲ. ನಿಮ್ಮ ಬಾಯಿಗೆ ಹಾಕೋದು ನಿಮ್ಮ ಕೈಲಿದೆ.

— ...ಹೊಗೆಸೊಪ್ಪು ಬಿಡಬಹುದು. ಕವಳ ಪೂರ್ತಿ ಬಿಡು ಅಂದ್ರೆ ನಿನ್ನ ಚಿಕ್ಕಮ್ಮನ್ನೂ ಕೇಳಬೇಕು, ಅವಳಿಗೂ ಬೇಕಲ್ಲ.

— ಚಿಕ್ಕಮ್ಮನ ಬಾಯಿಯನ್ನೂ ಇವತ್ತೇ ನೋಡ್ತೀನಿ. ಇಷ್ಟೆಲ್ಲ ಆಗಿ ಮೂರು ತಿಂಗಳು ಕಳೀಲಿ. ಆಗ ಗೀರು ಹಾಕಿದ ಸಪೂರ ಸಲಾಕೆ ಇಟ್ಟು ಒಂದೊಂದು ಹಲ್ಲಿನ ಸುತ್ತ ಆರು ಕಡೆ ಅಳೀತೀನಿ. ವಸಡಿನ ಜೇಬು 3 ಮಿಲಿಮೀಟರ್ ತನಕ ಇದ್ರೆ ಚಿಂತೆಯಿಲ್ಲ. ಆಮೇಲೆ ಬೇಕಾದ್ರೆ ಮುಂದಿನ ಎರಡು ಮೂರು ಸಂದು ಕಾಂಪೋಸಿಟಲ್ಲಿ ಚಿಕ್ಕದು ಮಾಡೋಣ. ಪೂರ್ತಿ ಮುಚ್ಚಲ್ಲ, ಬ್ರಷ್ ಹೋಗೋಷ್ಟು ಬಿಟ್ಟು. ವಸಡಿನ ಬಣ್ಣದ ತೆಗೆದು ಹಾಕೋ ಪಟ್ಟಿಯೂ ಮಾಡಿಸಬಹುದು, ನಾಟಕದವರು, ಭಾಷಣದವರು ಹಾಕ್ಕೊಳ್ತಾರೆ. ನಿಮಗೆ ಅದು ಕಿರಿಕಿರಿ ಅಂತ ಎರಡನೇ ದಿನ ಕಪಾಟಿಗೆ ಹೋಗತ್ತೆ.

— ಜೇಬು ಆಳ ಇದ್ರೆ?

— 6 ಮಿಲಿಮೀಟರ್ ಮೇಲೆ ಇದ್ದು, ಮುಟ್ಟಿದ್ರೆ ರಕ್ತ ಬರ್ತಾ ಇದ್ರೆ, ವಸಡು ಬಿಡಿಸಿ ಒಳಗೆ ಕಣ್ಣಾರೆ ನೋಡಿ ಕೆರೆಯಬೇಕಾಗತ್ತೆ. ಸಣ್ಣ ಆಪರೇಷನ್, ಹೊಲಿಗೆ ಒಂದು ವಾರ. ಅದಾದ ಮೇಲೆ ವಸಡು ಇನ್ನೊಂದಿಷ್ಟು ಇಳಿಯತ್ತೆ, ಸಂದು ಈಗಿರೋದಕ್ಕಿಂತ ದೊಡ್ಡದಾಗಿ ಕಾಣತ್ತೆ, ತಣ್ಣೀರು ಕುಡಿದ್ರೆ ಕೆಲವು ವಾರ ಜುಮ್ಮನ್ನತ್ತೆ. ಈಗ್ಲೇ ಹೇಳಿಟ್ಟಿದ್ದೀನಿ, ಚಿಕ್ಕಮ್ಮ ಒಳಗಿಂದ ಕೇಳಿಸ್ಕೊಂಡಿದ್ದಾರೆ.

— ಮೂರು ತಿಂಗಳು ಅಂದ್ರೆ ಸರಿಯಾಗಿ ಕೊಯ್ಲಿನ ಮಧ್ಯ ಬರ್ತದೆ. ಆಳು ಸಿಗೋದೇ ಕಷ್ಟ ಈಗ. ಅಳೆಯೋಕೆ ಮಾತ್ರ ಬರ್ತೀನಿ, ಕತ್ತರಿ ಹಾಕೋದಿದ್ರೆ ಕೊಯ್ಲು ಮುಗಿದ ಮೇಲಿನ ತಾರೀಕು ಕೊಡು.